ಬಂಗಾಲಿ ಟೋಲಾದ ಕಿರುಗೆರೆ: ಹೈಫನ್ ಎಲ್ಲಿ ಬೇಕು, ಎಲ್ಲಿ ಬೇಡ

ಇವತ್ತಿನ ಮಾತು ಬಹಳ ಚಿಕ್ಕ ವಸ್ತುವಿನ ಬಗ್ಗೆ. ಎಷ್ಟು ಚಿಕ್ಕದು ಅಂದ್ರೆ ಗಟ್ಟಿಯಾಗಿ ಓದುವಾಗ ಅದನ್ನ ಯಾರೂ ಉಚ್ಚರಿಸೋದೇ ಇಲ್ಲ. ಹೈಫನ್. ಕನ್ನಡದಲ್ಲಿ ಕಿರುಗೆರೆ ಅಂತೀವಿ, ಕೆಲವರು ಅಡ್ಡಗೆರೆ ಅಂತಾರೆ. ಇಂಗ್ಲಿಷ್ ಬರೆಯುವಾಗ ಎರಡು ಪದಗಳ ಮಧ್ಯೆ ಇದನ್ನ ಯಾವಾಗ ಹಾಕಬೇಕು, ಯಾವಾಗ ಹಾಕಬಾರದು ಅನ್ನೋದು ಮೇಷ್ಟ್ರುಗಳು, ಅನುವಾದಕರು, ಆಫೀಸಲ್ಲಿ ಪತ್ರ ಬರೆಯೋರು ಎಲ್ಲರೂ ಕೇಳೋ ಪ್ರಶ್ನೆ. ಇತಿಹಾಸದ ಚಾನೆಲ್ಲಲ್ಲಿ ವ್ಯಾಕರಣದ ಪಾಠ ಯಾಕೆ ಅಂತ ನಿಮಗೆ ಅನ್ನಿಸಬಹುದು. ಈ ಗೆರೆಗೆ ಒಳ್ಳೆ ಇತಿಹಾಸ ಇದೆ. ಅದನ್ನ ಹೇಳೋಕೆ ನಾನು ಆರಿಸಿಕೊಂಡಿರೋ ಜಾಗ ಕಾಶಿಯ ಒಂದು ಗಲ್ಲಿ.

ಗೋದೌಲಿಯಾ ಚೌಕದಿಂದ ದಶಾಶ್ವಮೇಧ ಘಾಟಿನ ಕಡೆ ಹೋಗುವಾಗ ಬಲಕ್ಕೆ ಒಂದು ಇಕ್ಕಟ್ಟಾದ ಗಲ್ಲಿ ಒಳಗೆ ಹೋಗುತ್ತೆ. ಗಂಗೆಗೆ ಹೆಚ್ಚುಕಡಿಮೆ ಸಮಾನಾಂತರವಾಗಿ, ಕೇದಾರ ಘಾಟಿನ ದಿಕ್ಕಿಗೆ. ಅದೇ ಬಂಗಾಲಿ ಟೋಲಾ. ಟೋಲಾ ಅಂದ್ರೆ ಕೇರಿ, ಮೊಹಲ್ಲಾ. ನಮ್ಮವರಿಗೆ ಪರಿಚಯ ಇರೋ ಜಂಗಮವಾಡಿ ಮಠ ಅಲ್ಲಿಂದ ದೂರವೇನಲ್ಲ. ಕಾಶಿಗೆ ಹೋದ ಎಷ್ಟೋ ಕನ್ನಡಿಗರು ಗೊತ್ತಿಲ್ಲದೇ ಈ ಗಲ್ಲಿಯಲ್ಲಿ ನಡೆದಾಡಿರ್ತಾರೆ. ಈ ಹೆಸರನ್ನ ಇಂಗ್ಲಿಷಲ್ಲಿ ಎರಡು ಬಿಡಿ ಪದವಾಗಿ ಬರೆದವರಿದ್ದಾರೆ, ಒಂದೇ ಪದವಾಗಿ ಕೂಡಿಸಿ ಬರೆದವರಿದ್ದಾರೆ, ನಡುವೆ ಗೆರೆ ಎಳೆದವರೂ ಇದ್ದಾರೆ. ಒಂದೇ ಗಲ್ಲಿ, ಮೂರು ವೇಷ.

ಇಂಗ್ಲಿಷಿನ ಜೋಡಿಪದಗಳೆಲ್ಲ ಸಾಮಾನ್ಯವಾಗಿ ಈ ಮೂರು ವೇಷದಲ್ಲೇ ಓಡಾಡ್ತವೆ. ಮೊದಲು ಬಿಡಿಬಿಡಿ, ಬಳಕೆ ಹೆಚ್ಚಾದಂತೆ ನಡುವೆ ಗೆರೆ, ಕೊನೆಗೆ ಗೆರೆಯೂ ಹೋಗಿ ಒಂದೇ ಪದ. ‘ಟು ಡೇ’ ಆಮೇಲೆ ‘ಟು-ಡೇ’ ಆಗಿ, ಈಗ ‘ಟುಡೇ’ ಆಗಿ ಕೂತಿದೆ. ಇಪ್ಪತ್ತನೇ ಶತಮಾನದ ಮೊದಲ ಭಾಗದಲ್ಲಿ ಅಚ್ಚಾದ ಇಂಗ್ಲಿಷ್ ಪುಸ್ತಕ ತೆಗೆದು ನೋಡಿ, ‘ಟು-ಡೇ’, ‘ಟು-ಮಾರೋ’ ಗೆರೆ ಸಮೇತ ಸಿಗುತ್ತವೆ. ಆದರೆ ಎಲ್ಲಾ ಪದಗಳೂ ಈ ದಾರಿಯನ್ನ ಪೂರ್ತಿ ನಡೆಯಲ್ಲ. 2007ರಲ್ಲಿ ಶಾರ್ಟರ್ ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ ಆರನೇ ಆವೃತ್ತಿ ಬಂದಾಗ ಸುಮಾರು 16,000 ಪದಗಳಿಂದ ಹೈಫನ್ ತೆಗೆದುಹಾಕಿದ್ರು. ‘ಐಸ್-ಕ್ರೀಮ್’ ಎರಡು ಪದವಾಗಿ ಒಡೀತು, ‘ಬಂಬಲ್-ಬೀ’ ಒಂದೇ ಪದವಾಗಿ ಅಂಟಿಕೊಂಡಿತು. ಯಾವುದು ಒಡೀಬೇಕು, ಯಾವುದು ಅಂಟಬೇಕು ಅನ್ನೋದಕ್ಕೆ ಕಟ್ಟುನಿಟ್ಟಾದ ಸೂತ್ರ ಇಲ್ಲ. ಅದಕ್ಕೇ ನಾಮಪದಗಳ ವಿಷಯದಲ್ಲಿ ನನ್ನ ಸಲಹೆ ಒಂದೇ: ತಲೆ ಕೆಡಿಸಿಕೊಳ್ಳಬೇಡಿ, ನಿಘಂಟು ತೆಗೆದು ನೋಡಿ.

ಸೂತ್ರ ಇರೋದು ವಿಶೇಷಣಗಳಲ್ಲಿ. ಅದನ್ನ ಈ ಗಲ್ಲಿಯ ಶಾಲೆಗಳಿಂದಲೇ ಹೇಳ್ತೀನಿ.

ಬಂಗಾಲಿ ಟೋಲಾದಲ್ಲಿ 1854ರಲ್ಲಿ ಒಂದು ಶಾಲೆ ಶುರುವಾಯ್ತು. ಸಿಪಾಯಿ ದಂಗೆಗಿಂತ ಮೂರು ವರ್ಷ ಮೊದಲು. ಕಾಶಿಗೆ ಬಂದು ನೆಲೆಸಿದ್ದ ಬಂಗಾಲಿ ಕುಟುಂಬಗಳ ಮಕ್ಕಳಿಗೆ ಆಸರೆಯಾದ ಶಾಲೆ ಇದು. ಈಗ ಬಂಗಾಲಿ ಟೋಲಾ ಇಂಟರ್ ಕಾಲೇಜು. ಕ್ರಿಯಾಯೋಗದ ಲಾಹಿರಿ ಮಹಾಶಯರು ಇದೇ ಸುತ್ತಮುತ್ತ ಬಾಳಿದವರು. ಸರ್ಕಾರದ ಮಿಲಿಟರಿ ಎಂಜಿನಿಯರಿಂಗ್ ಇಲಾಖೆಯಲ್ಲಿ ಲೆಕ್ಕಪತ್ರದ ಕೆಲಸ ಮಾಡಿಕೊಂಡೇ ಈ ಕೇರಿಯ ಶಾಲೆಯ ಬೆಳವಣಿಗೆಗೂ ದುಡಿದರು. ಇದೇ ಶಾಲೆಯಲ್ಲಿ ಕೊನೆಯ ತರಗತಿ ಓದುತ್ತಿದ್ದ ಶಚೀಂದ್ರನಾಥ ಸಾನ್ಯಾಲ್ ಅನ್ನೋ ಹುಡುಗ 1908ರಲ್ಲಿ ಗೆಳೆಯರನ್ನ ಕಟ್ಟಿಕೊಂಡು ಅನುಶೀಲನ ಸಮಿತಿ ಅನ್ನೋ ಕ್ಲಬ್ ಶುರು ಮಾಡಿದ. ಢಾಕಾದ ಅದೇ ಹೆಸರಿನ ಸಮಿತಿಯನ್ನ ಸರ್ಕಾರ ನಿಷೇಧಿಸಿದಾಗ ಈ ಹುಡುಗರು ತಮ್ಮ ಕ್ಲಬ್ಬಿನ ಹೆಸರನ್ನ ‘ಯಂಗ್ ಮೆನ್ಸ್ ಅಸೋಸಿಯೇಷನ್’ ಅಂತ ಬದಲಾಯಿಸಿಕೊಂಡರು. ಮುಂದೆ ಬನಾರಸ್ ಪಿತೂರಿ ಮೊಕದ್ದಮೆ, ಜೀವಾವಧಿ ಶಿಕ್ಷೆ, ಅಂಡಮಾನ್. 1918ರ ರೌಲಟ್ ಸಮಿತಿಯ ವರದಿಯಲ್ಲಿ ಈ ಶಾಲೆಯ ಹೆಸರು ಬರುತ್ತೆ. ಸಾನ್ಯಾಲರದ್ದೇ ಒಂದು ಸಂಚಿಕೆ ಆಗುವಷ್ಟಿದೆ, ಇವತ್ತು ಬೇಡ.

ಶಾಲೆಯ ಹೆಸರಿಗೆ ಬರೋಣ. ಇಂಗ್ಲಿಷಲ್ಲಿ ‘ಬೆಂಗಾಲಿ ಟೋಲಾ ಸ್ಕೂಲ್’. ಮೂರು ಪದ ಸಾಲಾಗಿ ನಿಂತಿವೆ. ಯಾರು ಯಾರ ಜೊತೆ? ‘ಬೆಂಗಾಲಿ ಟೋಲಾ’ ಅನ್ನೋ ಕೇರಿಯ ಶಾಲೆಯಾ, ಅಥವಾ ‘ಟೋಲಾ ಸ್ಕೂಲ್’ ಅನ್ನೋದು ಒಂದಿದ್ದು ಅದು ಬಂಗಾಲಿಗಳದ್ದಾ? ಹೈಫನ್ ಹುಟ್ಟಿದ್ದೇ ಈ ಗೊಂದಲ ಬಿಡಿಸೋಕೆ. ನಾಮಪದದ ಮುಂದೆ ಎರಡು ಮೂರು ಪದ ಬಂದು, ಅವೆಲ್ಲ ಸೇರಿ ಒಂದೇ ವಿಶೇಷಣವಾಗಿ ಕೆಲಸ ಮಾಡ್ತಿದ್ರೆ ಅವುಗಳ ಮಧ್ಯೆ ಗೆರೆ ಹಾಕಿ ಕಟ್ಟಬೇಕು. ಆದರೆ ಇಲ್ಲಿ ಹಾಕಬೇಕಾಗಿಲ್ಲ. ಬೆಂಗಾಲಿ ಟೋಲಾ ಅಂಕಿತನಾಮ. ಎರಡೂ ಪದದ ಮೊದಲಕ್ಷರ ಇಂಗ್ಲಿಷಲ್ಲಿ ದೊಡ್ಡಕ್ಷರ. ಆ ದೊಡ್ಡಕ್ಷರಗಳೇ ಗಂಟು ಹಾಕುವ ಕೆಲಸ ಮಾಡಿಬಿಟ್ಟಿವೆ. ಅದಕ್ಕೇ ‘ಸೌತ್ ಇಂಡಿಯನ್ ಮೀಲ್ಸ್’ ಬೋರ್ಡಿಗೂ ಗೆರೆ ಬೇಡ.

ಸ್ವಲ್ಪ ಆಚೆ, ಭೇಲೂಪುರದಲ್ಲಿ ಇನ್ನೊಂದು ಶಾಲೆ. 1898ರಲ್ಲಿ ಚಿಂತಾಮಣಿ ಮುಖರ್ಜಿ ಕಟ್ಟಿದ್ದು. ಆನಿ ಬೆಸೆಂಟರು ಕಾಶಿಯಲ್ಲಿ ಸೆಂಟ್ರಲ್ ಹಿಂದೂ ಕಾಲೇಜು ತೆರೆದದ್ದೂ ಅದೇ ವರ್ಷ. ಮುಖರ್ಜಿಯವರ ಶಾಲೆಯ ಹೆಸರು ಆಂಗ್ಲೋ-ಬೆಂಗಾಲಿ. ಇಲ್ಲಿ ಎರಡೂ ದೊಡ್ಡಕ್ಷರವೇ ಆದ್ರೂ ವ್ಯಾಕರಣ ಗೆರೆ ಕೇಳುತ್ತೆ. ಯಾಕೆ? ‘ಆಂಗ್ಲೋ’ ಅನ್ನೋದು ಒಂಟಿಯಾಗಿ ನಿಲ್ಲೋ ಪದವೇ ಅಲ್ಲ. ಅದರ ಕೊನೆಯ ‘ಓ’ ಇದೆಯಲ್ಲ, ಅದು ಗ್ರೀಕ್ ಕಡೆಯಿಂದ ಬಂದ ಜೋಡಿಸೋ ಸ್ವರ. ಮುಂದೆ ಇನ್ನೊಬ್ಬರು ಬರ್ತಾರೆ ಅಂತ ಕೈ ಚಾಚಿಕೊಂಡು ನಿಂತಿರುತ್ತೆ. ಆ ಕೈಯನ್ನ ಹಿಡಿಯೋದೇ ಹೈಫನ್. ಈಗ ಬಹಳ ಕಡೆ ಗೆರೆ ಇಲ್ಲದೇ ಬರೀತಾರೆ. ಬೋರ್ಡು ಬರೆಯುವ ಪೇಂಟರ್‌ಗೆ ವ್ಯಾಕರಣದ ಹಂಗಿಲ್ಲ, ಬಿಡಿ.

ಅಂಕಿತನಾಮ ಬಿಟ್ಟು ಸಾಮಾನ್ಯ ಪದಗಳಿಗೆ ಬಂದ್ರೆ ಗೆರೆಯ ಬೆಲೆ ಗೊತ್ತಾಗುತ್ತೆ. ‘ಸ್ಮಾಲ್-ಸ್ಕೇಲ್ ಇಂಡಸ್ಟ್ರಿ’ ಅಂದ್ರೆ ಸಣ್ಣ ಪ್ರಮಾಣದ ಕೈಗಾರಿಕೆ. ಗೆರೆ ತೆಗೆದುಬಿಟ್ರೆ ತಕ್ಕಡಿ ಮಾಡುವ ಒಂದು ಸಣ್ಣ ಕಾರ್ಖಾನೆ ಅಂತಲೂ ಓದಬಹುದು. ‘ಓಲ್ಡ್ ಬುಕ್ ಶಾಪ್’ ತಗೊಳ್ಳಿ. ಹಳೆಯದಾಗಿರೋದು ಪುಸ್ತಕವಾ, ಅಂಗಡಿಯಾ? ಕನ್ನಡದಲ್ಲಿ ‘ಹಳೇ ಪುಸ್ತಕದ ಅಂಗಡಿ’ ಅಂದ್ರೂ ಅದೇ ಗೊಂದಲ. ಇಂಗ್ಲಿಷಿನವನು ‘ಓಲ್ಡ್-ಬುಕ್ ಶಾಪ್’ ಅಂತ ಗೆರೆ ಹಾಕಿ ಪಾರಾಗ್ತಾನೆ. ನಾವು ‘ಹಳೇ ಪುಸ್ತಕಗಳ ಅಂಗಡಿ’ ಅಂತ ಬಹುವಚನ ತಂದು ಅರ್ಧ ಪಾರಾಗ್ತೀವಿ.

ಇನ್ನು ನಾಮಪದ ಮೊದಲು ಬಂದು ವಿಶೇಷಣ ಆಮೇಲೆ ಬಂದ್ರೆ ಗೆರೆ ಬೇಡ. ‘ಎ ವೆಲ್-ನೋನ್ ಪಂಡಿತ್’ ಅನ್ನೋದಕ್ಕೆ ಬೇಕು, ‘ದಿ ಪಂಡಿತ್ ಈಸ್ ವೆಲ್ ನೋನ್’ ಅನ್ನೋದಕ್ಕೆ ಬೇಡ. ಮೊದಲನೆಯದರಲ್ಲಿ ಓದುಗ ಯಾರ ಬಗ್ಗೆ ಮಾತು ಅಂತ ತಿಳಿಯದೇ ಪದಗಳನ್ನ ಕೈಯಲ್ಲಿ ಹಿಡ್ಕೊಂಡು ಕಾಯ್ತಿರ್ತಾನೆ. ಎರಡನೆಯದರಲ್ಲಿ ಪಂಡಿತರು ಆಗಲೇ ಬಂದು ಕೂತಾಗಿದೆ. ‘ನೈಂಟೀಂತ್-ಸೆಂಚುರಿ ಸ್ಕೂಲ್’ ಅಂದಾಗ ಗೆರೆ; ‘ಇನ್ ದಿ ನೈಂಟೀಂತ್ ಸೆಂಚುರಿ’ ಅಂದಾಗ ಇಲ್ಲ. ಇತಿಹಾಸದ ವಿದ್ಯಾರ್ಥಿಗಳು ಇದೊಂದನ್ನ ನೆನಪಿಟ್ಟುಕೊಂಡ್ರೂ ಸಾಕು, ಪ್ರಬಂಧದ ಅರ್ಧ ಗೆರೆಗಳು ಸರಿಹೋಗ್ತವೆ. ವಯಸ್ಸು ಹೇಳುವಾಗ ‘ಟೆನ್-ಇಯರ್-ಓಲ್ಡ್ ಬಾಯ್’: ಎರಡು ಗೆರೆ, ‘ಇಯರ್’ ಏಕವಚನ. ‘ಹೈಲಿ ಎಜುಕೇಟೆಡ್’ ಥರದ್ದಕ್ಕೆ ಮಾತ್ರ ನಾಮಪದದ ಮುಂದೆ ಬಂದ್ರೂ ಗೆರೆ ಬೇಡ, ಯಾಕಂದ್ರೆ ಕೊನೆಯ ‘ಲಿ’ ತಾನು ಮುಂದಿನ ಪದಕ್ಕೆ ಸೇರಿದ್ದು ಅಂತ ತಾನೇ ಹೇಳಿಕೊಳ್ಳುತ್ತೆ, ನಮ್ಮ ವಿಭಕ್ತಿ ಪ್ರತ್ಯಯದ ಹಾಗೆ. ಮತ್ತೆ ‘ರಿಸೈನ್’, ‘ರೀ-ಸೈನ್’. ಗೆರೆ ಇಲ್ಲದಿದ್ರೆ ಆಟಗಾರ ರಾಜೀನಾಮೆ ಕೊಟ್ಟ, ಇದ್ರೆ ಅದೇ ತಂಡದ ಜೊತೆ ಮತ್ತೆ ಒಪ್ಪಂದಕ್ಕೆ ಸಹಿ ಹಾಕಿದ. ಪೂರ್ತಿ ಉಲ್ಟಾ.

ಪಾಠ ಇಷ್ಟು. ಈಗ ನನಗೆ ನಿಜವಾಗಿ ಆಸಕ್ತಿ ಇರೋ ಭಾಗ.

ಹೈಫನ್ ಅನ್ನೋ ಪದ ಗ್ರೀಕಿನದ್ದು. ‘ಹುಪೊ’ ಅಂದ್ರೆ ಕೆಳಗೆ, ‘ಹೆನ್’ ಅಂದ್ರೆ ಒಂದು. ಒಂದರ ಅಡಿಯಲ್ಲಿ, ಅಂದ್ರೆ ಒಂದಾಗಿ. ಹಳೇ ಗ್ರೀಕರು ಪದಗಳ ನಡುವೆ ಜಾಗ ಬಿಡದೇ ಬರೀತಿದ್ರು. ಎರಡು ಭಾಗ ಸೇರಿಸಿ ಒಂದೇ ಪದವಾಗಿ ಓದಿ ಅಂತ ತೋರಿಸೋಕೆ ಅಕ್ಷರಗಳ ಕೆಳಗೆ ಒಂದು ಬಿಲ್ಲಿನಂಥ ಗೆರೆ ಎಳೀತಿದ್ರು. ಗುಟೆನ್‌ಬರ್ಗ್ 1455ರ ಹೊತ್ತಿಗೆ ಬೈಬಲ್ ಅಚ್ಚು ಹಾಕಿದಾಗ ಸಾಲಿನ ಕೊನೆಯಲ್ಲಿ ಪದ ಮುರಿದ ಕಡೆ ಜೋಡಿಗೆರೆ ಬಳಸಿದ. ಆಮೇಲೆ ಅಚ್ಚಿನ ಜೊತೆ ಆ ಗೆರೆ ಎಲ್ಲ ಕಡೆ ಹೋಯ್ತು.

ನಮ್ಮಲ್ಲಿ? ಸಂಸ್ಕೃತ ವ್ಯಾಕರಣಕಾರರು ಸಮಾಸದ ಪ್ರಯೋಜನ ಏನು ಅಂದ್ರೆ ಐಕಪದ್ಯ, ಐಕಸ್ವರ್ಯ ಅಂತಾರೆ: ಪದ ಒಂದಾಗೋದು, ಸ್ವರ ಒಂದಾಗೋದು. ಗ್ರೀಕಿನ ‘ಒಂದಾಗಿ’ ಅನ್ನೋ ಮಾತೇ. ಆದರೆ ನಮ್ಮವರು ಅದನ್ನ ಕಣ್ಣಿಗೆ ತೋರಿಸಲಿಲ್ಲ, ಕಿವಿಗೆ ಕೇಳಿಸಿದರು. ಅದು ತಪ್ಪಿದರೆ ಏನಾಗುತ್ತೆ ಅನ್ನೋದಕ್ಕೆ ವೇದದಲ್ಲೇ ಒಂದು ಕಥೆ ಇದೆ. ಪತಂಜಲಿ ಮಹಾಭಾಷ್ಯದ ಆರಂಭದಲ್ಲಿ ಅದನ್ನ ನೆನಪಿಸ್ತಾರೆ.

ತ್ವಷ್ಟೃವಿನ ಮಗನನ್ನ ಇಂದ್ರ ಕೊಂದ. ಅಪ್ಪನಿಗೆ ಸಿಟ್ಟು. ಇಂದ್ರನನ್ನ ಕೊಲ್ಲುವ ಒಬ್ಬ ಹುಟ್ಟಲಿ ಅಂತ ಅಗ್ನಿಯಲ್ಲಿ ಆಹುತಿ ಕೊಟ್ಟ. ಮಂತ್ರದಲ್ಲಿ ‘ಇಂದ್ರಶತ್ರು’ ಅನ್ನೋ ಪದ. ಶತ್ರು ಅಂದ್ರೆ ಇಲ್ಲಿ ಕೊಲ್ಲುವವನು. ಪದದ ಕೊನೆಯಲ್ಲಿ ಸ್ವರ ಏರಿಸಿದ್ರೆ ತತ್ಪುರುಷ ಸಮಾಸ: ಇಂದ್ರನನ್ನ ಕೊಲ್ಲುವವನು. ಮೊದಲಲ್ಲಿ ಏರಿಸಿದ್ರೆ ಬಹುವ್ರೀಹಿ: ಯಾರನ್ನ ಇಂದ್ರ ಕೊಲ್ಲುತ್ತಾನೋ ಅವನು. ಸಿಟ್ಟಿನಲ್ಲೋ ಅವಸರದಲ್ಲೋ ಸ್ವರ ಮೊದಲಲ್ಲಿ ಬಿತ್ತು. ವೃತ್ರ ಹುಟ್ಟಿದ, ಬೆಟ್ಟದ ಹಾಗೆ ಬೆಳೆದ, ಆದರೆ ಕೊನೆಗೆ ಇಂದ್ರನ ಕೈಯಲ್ಲೇ ಸತ್ತ. ಅಕ್ಷರ ಒಂದೂ ತಪ್ಪಿರಲಿಲ್ಲ ನೋಡಿ! ಎರಡು ಪದಗಳನ್ನ ಹೇಗೆ ಕಟ್ಟಿದ್ದೀನಿ ಅಂತ ತೋರಿಸೋ ಗುರುತು ಮಾತ್ರ ತಪ್ಪಿತ್ತು.

ಇಂಗ್ಲಿಷಿಗೂ ಈ ಕಿವಿ ಇದೆ. ‘ಬ್ಲ್ಯಾಕ್‌ಬರ್ಡ್’ ಅಂತ ಮೊದಲ ಭಾಗವನ್ನ ಒತ್ತಿ ಹೇಳಿದ್ರೆ ಒಂದು ಜಾತಿಯ ಹಕ್ಕಿ. ಎರಡನೇ ಪದವನ್ನೂ ಒತ್ತಿದ್ರೆ ಯಾವುದೋ ಒಂದು ಕಪ್ಪು ಹಕ್ಕಿ. ‘ಬೆಂಗಾಲಿ ಟೀಚರ್’ ಅಂದಾಗ ಮೊದಲ ಪದಕ್ಕೆ ಒತ್ತು ಕೊಟ್ರೆ ಬಂಗಾಲಿ ಭಾಷೆ ಕಲಿಸೋ ಮೇಷ್ಟ್ರು, ಎರಡನೆಯದಕ್ಕೂ ಒತ್ತು ಬಿದ್ರೆ ಬಂಗಾಲದಿಂದ ಬಂದ ಮೇಷ್ಟ್ರು. ಅವರು ಗಣಿತ ಕಲಿಸ್ತಿರಬಹುದು. ಬರಹದಲ್ಲಿ ಈ ಒತ್ತು ಕಾಣಲ್ಲ. ಬರಹ ಕಳೆದುಕೊಂಡ ಸ್ವರವನ್ನ ಹೈಫನ್ ಒಂದಿಷ್ಟು ವಾಪಸ್ ತಂದುಕೊಡುತ್ತೆ ಅನ್ನೋದು ನನ್ನ ಅಭಿಪ್ರಾಯ.

ನಮ್ಮಲ್ಲೂ ಒಂದು ಗುರುತು ಇತ್ತು. ಋಗ್ವೇದಕ್ಕೆ ಶಾಕಲ್ಯರು ಪದಪಾಠ ಮಾಡಿದರು, ಅಂದ್ರೆ ಸಂಧಿ ಬಿಡಿಸಿ ಒಂದೊಂದೇ ಪದವಾಗಿ ಹೇಳೋದು. ಸಮಾಸ ಬಂದ ಕಡೆ ಅದನ್ನ ಒಂದೇ ಪದ ಅಂತ ಇಟ್ಟುಕೊಂಡು, ಒಳಗಿನ ಎರಡು ಭಾಗಗಳ ಮಧ್ಯೆ ಚೂರು ನಿಲ್ಲಬೇಕು. ಆ ನಿಲುಗಡೆಗೆ ಅವಗ್ರಹ ಅಂತ ಹೆಸರು, ಬರಹದಲ್ಲಿ ‘ಽ’. ‘ಪುರೋಹಿತ’ ಅನ್ನೋದನ್ನ ಪುರಃ, ಹಿತ ಅಂತ ನಡುವೆ ಅವಗ್ರಹ ಇಟ್ಟು ತೋರಿಸ್ತಾರೆ. ಹೈಫನ್ ಎರಡನ್ನ ಒಂದು ಅಂತ ಹೇಳುತ್ತೆ. ಅವಗ್ರಹ ಒಂದನ್ನ ಎರಡು ಅಂತ ಹೇಳುತ್ತೆ. ಕೆಲಸ ಮಾತ್ರ ಒಂದೇ, ಜೋಡಣೆಯ ಜಾಗ ತೋರಿಸೋದು.

ಈ ವಿದ್ಯೆಗೆ ಕಾಶಿ ದೊಡ್ಡ ಮನೆ. ಪಾಣಿನಿಯ ಸೂತ್ರಗಳನ್ನ ವಿಷಯವಾರು ಜೋಡಿಸಿ ಸಿದ್ಧಾಂತ ಕೌಮುದಿ ಬರೆದ ಭಟ್ಟೋಜಿ ದೀಕ್ಷಿತರು ಕಾಶಿಯಲ್ಲಿದ್ದವರು. ಅವರಿಗೆ ನಮ್ಮ ಮಲೆನಾಡಿನ ನಂಟೂ ಇದೆ: ಅವರ ತತ್ತ್ವಕೌಸ್ತುಭ ಬರೆದದ್ದು ಕೆಳದಿಯ ವೆಂಕಟಪ್ಪ ನಾಯಕನ ಅಪೇಕ್ಷೆಯಂತೆ. 1791ರಲ್ಲಿ ಜೊನಾಥನ್ ಡಂಕನ್ ಅನ್ನೋ ಕಂಪನಿಯ ರೆಸಿಡೆಂಟು ಇಲ್ಲಿ ಸಂಸ್ಕೃತ ಕಾಲೇಜು ತೆರೆದ. ಹತ್ತೊಂಬತ್ತನೇ ಶತಮಾನದ ನಡುವೆ ಅದರ ಮುಖ್ಯಸ್ಥನಾಗಿದ್ದ ಬ್ಯಾಲಂಟೈನ್ ಲಘುಕೌಮುದಿಯನ್ನ ಇಂಗ್ಲಿಷಿಗೆ ತಂದ. ಒಂದು ಪುಟ ಉದ್ದದ ಸಮಾಸಗಳನ್ನ ರೋಮನ್ ಲಿಪಿಗೆ ಇಳಿಸುವಾಗ ಯುರೋಪಿನ ಪಂಡಿತರಿಗೆ ಉಸಿರು ಕಟ್ಟಿತು, ಹೈಫನ್ನೇ ಗತಿಯಾಯ್ತು. ಆಕ್ಸ್‌ಫರ್ಡಿನ ಮೋನಿಯರ್ ವಿಲಿಯಮ್ಸ್ ಅವರ ಸಂಸ್ಕೃತ-ಇಂಗ್ಲಿಷ್ ನಿಘಂಟು ತೆಗೆದು ನೋಡಿ, ಗೆರೆಗಳ ಕಾಡು. ತಮಾಷೆ ಅಂದ್ರೆ 1887ರಲ್ಲಿ ಅವರು ತಮ್ಮ ಹೆಸರಿಗೇ ಒಂದು ಹೈಫನ್ ಹಾಕಿಕೊಂಡು ಮೋನಿಯರ್ ಮೋನಿಯರ್-ವಿಲಿಯಮ್ಸ್ ಆದರು. ಪ್ರತಿಯಾಗಿ ‘ಬಹುವ್ರೀಹಿ’ ಅನ್ನೋ ಪದ ಇಂಗ್ಲಿಷ್ ಭಾಷಾಶಾಸ್ತ್ರಕ್ಕೆ ಹೋಯ್ತು. ‘ಬ್ಲೂ-ಐಡ್’ ಥರದ ಪದಗಳ ವಿಷಯ ಬಂದಾಗ ಅಲ್ಲಿನ ಪ್ರೊಫೆಸರು ಇವತ್ತಿಗೂ ಬಹುವ್ರೀಹಿ ಅಂತಾನೆ.

ಕನ್ನಡದ ಗುರುತು ಇನ್ನೂ ಚೆಂದ. ‘ಹೊಸ ಕನ್ನಡ’ ಅಂದ್ರೆ ಹೊಸದಾದ ಯಾವುದೇ ಕನ್ನಡ. ‘ಹೊಸಗನ್ನಡ’ ಅಂದ್ರೆ ಭಾಷೆಯ ಒಂದು ಘಟ್ಟದ ಹೆಸರು. ಮಳೆ, ಕಾಲ ಸೇರಿ ಮಳೆಗಾಲ. ಆ ‘ಕ’ ಹೋಗಿ ‘ಗ’ ಬಂತಲ್ಲ, ಅದೇ ನಮ್ಮ ಹೈಫನ್. ಕಿವಿಗೂ ಕೇಳುತ್ತೆ, ಕಣ್ಣಿಗೂ ಕಾಣುತ್ತೆ. ಶಾಲೆಯಲ್ಲಿ ಆದೇಶ ಸಂಧಿ ಅಂತ ಉರು ಹೊಡೆಸ್ತಾರೆ, ಅದರ ಉಪಯೋಗ ಏನು ಅಂತ ಹೇಳೋರು ಕಡಿಮೆ. ಹದಿಮೂರನೇ ಶತಮಾನದ ಕೇಶಿರಾಜ ಶಬ್ದಮಣಿದರ್ಪಣದಲ್ಲಿ ಕನ್ನಡ ಪದಕ್ಕೆ ಸಂಸ್ಕೃತ ಪದ ಅಂಟಿಸಿದ್ರೆ ಅದು ಅರಿಸಮಾಸ ಅಂತಾನೆ. ಅರಿ ಅಂದ್ರೆ ಶತ್ರು. ‘ಆಂಗ್ಲೋ-ಬೆಂಗಾಲಿ’ ನೋಡಿದ್ದಿದ್ರೆ ಏನಂತಿದ್ನೋ.

ನಗಬೇಡಿ. ಆ ‘ಆಂಗ್ಲೋ’ ಮುಂದಿನ ಗೆರೆಯಲ್ಲಿ ನಿಜಕ್ಕೂ ಸ್ನೇಹ, ಶತ್ರುತ್ವ ಎರಡೂ ಇವೆ. ನಾವು ಶಾಲೆಯಲ್ಲಿ ಓದಿದ ಆಂಗ್ಲೋ-ಮೈಸೂರು ಯುದ್ಧಗಳು, 1767ರಿಂದ 1799ರವರೆಗೆ. ಅಲ್ಲಿ ಗೆರೆ ಅಂದ್ರೆ ಎದುರು-ಬದುರು: ಈ ಕಡೆ ಕಂಪನಿ, ಆ ಕಡೆ ಹೈದರ್, ಟಿಪ್ಪು. 1875ರಲ್ಲಿ ಅಲಿಗಢದಲ್ಲಿ ಶುರುವಾದ ಮಹಮ್ಮಡನ್ ಆಂಗ್ಲೋ-ಓರಿಯೆಂಟಲ್ ಕಾಲೇಜು, 1886ರ ಲಾಹೋರಿನ ದಯಾನಂದ ಆಂಗ್ಲೋ-ವೇದಿಕ್ ಶಾಲೆ, ಕಾಶಿಯ ಆಂಗ್ಲೋ-ಬೆಂಗಾಲಿ: ಇಲ್ಲೆಲ್ಲ ಗೆರೆ ಅಂದ್ರೆ ಎರಡೂ ಒಟ್ಟಿಗೆ. ಮನೆಯ ವಿದ್ಯೆಯೂ ಇರಲಿ, ಕೆಲಸ ಕೊಡೋ ಇಂಗ್ಲಿಷೂ ಇರಲಿ. ಇನ್ನು ‘ಆಂಗ್ಲೋ-ಇಂಡಿಯನ್’ ಅನ್ನೋದು ಮೊದಲು ಭಾರತದಲ್ಲಿದ್ದ ಬ್ರಿಟಿಷರಿಗೇ ಇದ್ದ ಹೆಸರು. 1886ರ ಹಾಬ್ಸನ್-ಜಾಬ್ಸನ್ ಕೋಶ ‘ಆಂಗ್ಲೋ-ಇಂಡಿಯನ್’ ಮಾತುಗಳ ಕೋಶ ಅಂತ ಕರೆದುಕೊಂಡದ್ದು ಆ ಅರ್ಥದಲ್ಲಿ. 1911ರ ಜನಗಣತಿಯ ಹೊತ್ತಿಗೆ ಸರ್ಕಾರ ಅದನ್ನ ಮಿಶ್ರ ಸಂತತಿಯವರಿಗೆ ಕೊಟ್ಟಿತು. ನಮ್ಮ ಸಂವಿಧಾನದ 366ನೇ ವಿಧಿ ಅದನ್ನ ಹೈಫನ್ ಸಮೇತ ವಿವರಿಸುತ್ತೆ. ಒಂದು ಸಮುದಾಯದ ಹಕ್ಕುಗಳೇ ಆ ಗೆರೆಯಿರೋ ಪದದ ಅರ್ಥವಿವರಣೆಯ ಮೇಲೆ ನಿಂತಿದ್ವು.

ಗೆರೆ ಕಂಡ್ರೆ ಸಿಟ್ಟಾದವರೂ ಇದ್ದಾರೆ. 1915ರಲ್ಲಿ ಥಿಯೊಡೋರ್ ರೂಸ್‌ವೆಲ್ಟ್ ನ್ಯೂಯಾರ್ಕಿನಲ್ಲಿ ಭಾಷಣ ಮಾಡ್ತಾ, ಹೈಫನ್ ಇಟ್ಟುಕೊಂಡ ಅಮೆರಿಕನ್ನರಿಗೆ ಈ ದೇಶದಲ್ಲಿ ಜಾಗ ಇಲ್ಲ ಅನ್ನೋ ಅರ್ಥದಲ್ಲಿ ಗುಡುಗಿದ. ಮೊದಲ ಮಹಾಯುದ್ಧದ ಕಾಲ, ಜರ್ಮನ್-ಅಮೆರಿಕನ್ನರ ಮೇಲೆ ಅನುಮಾನ. ಇನ್ನು 1990ರಲ್ಲಿ ಚೆಕೊಸ್ಲೊವಾಕಿಯಾದಲ್ಲಿ ಕಮ್ಯುನಿಸ್ಟ್ ಆಡಳಿತ ಬಿದ್ದ ಮೇಲೆ ದೇಶಕ್ಕೆ ಹೊಸ ಹೆಸರಿಡುವಾಗ, ನಡುವೆ ಗೆರೆ ಬೇಕು ಅಂತ ಸ್ಲೊವಾಕರು, ಬೇಡ ಅಂತ ಚೆಕ್ಕರು. ಪಾರ್ಲಿಮೆಂಟಿನಲ್ಲಿ ವಾರಗಟ್ಟಲೆ ಜಗಳ. ಅದಕ್ಕೆ ‘ಹೈಫನ್ ಯುದ್ಧ’ ಅಂತಲೇ ಹೆಸರು ಬಿತ್ತು. ಮಾರ್ಚಿನಲ್ಲಿ ಚೆಕ್ ಭಾಷೆಯಲ್ಲಿ ಗೆರೆ ಇಲ್ಲದೇ, ಸ್ಲೊವಾಕ್ ಭಾಷೆಯಲ್ಲಿ ಗೆರೆ ಹಾಕಿ ಬರೆಯೋದು ಅಂತ ರಾಜಿ ಆಯ್ತು. ಅದೂ ನಡೀಲಿಲ್ಲ, ಏಪ್ರಿಲಿನಲ್ಲಿ ಹೆಸರೇ ಬದಲಾಯ್ತು. 1993ರ ಜನವರಿ 1ಕ್ಕೆ ದೇಶವೇ ಎರಡಾಯ್ತು.

ಬಂಗಾಲಿ ಟೋಲಾದವರು ಈ ಪ್ರಶ್ನೆಯನ್ನ ಬೇರೆ ಥರ ಬಿಡಿಸಿಕೊಂಡರು. ಅವರು ಬಂಗಾಲಿಗಳಾ, ಬನಾರಸಿಗಳಾ? ತಮ್ಮನ್ನ ‘ಪ್ರವಾಸಿ ಬಂಗಾಲಿ’ ಅಂತ ಕರೆದುಕೊಂಡರು, ಅಂದ್ರೆ ಹೊರನಾಡಿನ ಬಂಗಾಲಿ. ನಾವು ಹೊರನಾಡ ಕನ್ನಡಿಗ ಅಂತೀವಲ್ಲ, ಹಾಗೆ. ಬಂಗಾಲದ ಹೊರಗಿನ ಬಂಗಾಲಿಗಳ ಸಾಹಿತ್ಯ ಸಮ್ಮೇಳನದ ಮೊದಲ ಅಧಿವೇಶನ 1923ರಲ್ಲಿ ನಡೆದದ್ದು ಕಾಶಿಯಲ್ಲೇ, ಅಧ್ಯಕ್ಷತೆ ರವೀಂದ್ರನಾಥ ಠಾಕೂರರದ್ದು. ‘ಪ್ರವಾಸಿ ಬಂಗಾಲಿ’ ಅನ್ನೋದರಲ್ಲಿ ಎರಡು ಊರಿನ ಹೆಸರಿಲ್ಲ, ಒಂದೇ ಇದೆ. ಮೊದಲ ಪದ ಬರೀ ವಿಶೇಷಣ. ಗೆರೆಯ ಪ್ರಶ್ನೆಯೇ ಏಳಲಿಲ್ಲ.

ಕರ್ನಾಟಕದಲ್ಲೂ ಇಂಥದ್ದೇ ಆಗಿದೆ. ಬೀದರ್, ಕಲಬುರಗಿ, ರಾಯಚೂರು ಕಡೆಯ ಪ್ರದೇಶಕ್ಕೆ ದಶಕಗಟ್ಟಲೆ ‘ಹೈದರಾಬಾದ್-ಕರ್ನಾಟಕ’ ಅಂತ ಹೆಸರು. ಸಂವಿಧಾನಕ್ಕೆ 98ನೇ ತಿದ್ದುಪಡಿಯಾಗಿ 371ಜೆ ವಿಧಿ ಸೇರಿದಾಗಲೂ ಆ ಹೆಸರು ಹೈಫನ್ ಸಮೇತವೇ ಒಳಗೆ ಹೋಯ್ತು. ಆ ಗೆರೆಯ ಎಡಗಡೆ ನಿಜಾಮನ ರಾಜಧಾನಿ, ಬಲಗಡೆ ತಮ್ಮ ನಾಡು. ಬಿಡುಗಡೆಯಾಗಿ ಇಷ್ಟು ವರ್ಷ ಆದ ಮೇಲೂ ಎಡಗಡೆಯವನು ಯಾಕೆ ಅನ್ನೋ ಬೇಸರ ಅಲ್ಲಿನವರಿಗಿತ್ತು. 2019ರ ಸೆಪ್ಟೆಂಬರಿನಲ್ಲಿ ಸರ್ಕಾರ ಅದನ್ನ ಕಲ್ಯಾಣ ಕರ್ನಾಟಕ ಅಂತ ಬದಲಾಯಿಸಿತು. 2021ರಲ್ಲಿ ಮುಂಬೈ ಕರ್ನಾಟಕವೂ ಕಿತ್ತೂರು ಕರ್ನಾಟಕ ಆಯ್ತು. ನನ್ನ ಓದಿನ ಪ್ರಕಾರ ಹೊಸ ಹೆಸರುಗಳಿಗೆ ಗೆರೆ ಬೇಕಾಗಿಲ್ಲ. ಕಲ್ಯಾಣವೂ ಕಿತ್ತೂರೂ ಕರ್ನಾಟಕದ ಒಳಗಿನವೇ, ಕರ್ನಾಟಕದ ಪಕ್ಕ ನಿಂತ ಇನ್ನೊಂದು ರಾಜ್ಯ ಅಲ್ಲ. ಆದರೂ ‘ಕಲ್ಯಾಣ-ಕರ್ನಾಟಕ’ ಅಂತ ಗೆರೆ ಹಾಕಿ ಬರೆಯೋರು ಸಿಗ್ತಾರೆ, ಹಳೇ ಹೆಸರಿನ ಅಭ್ಯಾಸದ ಕೈ. ಆ ಕಡೆಯ ವೀಕ್ಷಕರು ನಿಮ್ಮ ಊರಿನ ಶಾಲೆ, ಬಸ್ ನಿಲ್ದಾಣ, ಸಹಕಾರ ಸಂಘದ ಬೋರ್ಡಿನಲ್ಲಿ ಹೇಗೆ ಬರೆದಿದ್ದಾರೆ ನೋಡಿ ತಿಳಿಸಿ. ಫೋಟೋ ಬಂದ್ರೆ ಇನ್ನೂ ಒಳ್ಳೇದು.